ಆಪರೇಷನ್ ಆದವರಿಗೂ ಗರ್ಭಕೊರಳಿನ ಪರೀಕ್ಷೆ ಬೇಕು

"ಮಕ್ಕಳಾಯ್ತು, ಆಪರೇಷನ್ನೂ ಆಯ್ತು, ಇನ್ನೆಂಥ ಪರೀಕ್ಷೆ?" ಅಂಕೋಲಾ, ಕುಮಟಾ ಕಡೆ ಹೆಂಗಸರು ಕೇಳುವ ಮಾತಿದು. ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಕಟ್ಟುವುದು ಅಂಡನಾಳ ಮಾತ್ರ. ಗರ್ಭಕೊರಳು, ಅಂದರೆ ಗರ್ಭಕೋಶದ ಬಾಯಿ, ಇದ್ದಲ್ಲೇ ಇರುತ್ತದೆ. ಮೂವತ್ತರೊಳಗೆ ಆಪರೇಷನ್ ಮುಗಿಸಿದವರು ಮತ್ತೆ ಸ್ತ್ರೀರೋಗ ತಜ್ಞರ ಮುಖ ನೋಡುವುದು ಕಡಿಮೆ. ಗರ್ಭಕೊರಳಿನ ಕ್ಯಾನ್ಸರಿನ ಪೂರ್ವಹಂತವನ್ನು ಹಿಡಿಯಬೇಕಾದ ವಯಸ್ಸು ಶುರುವಾಗುವುದೇ ಅಲ್ಲಿಂದ.

ಈ ಕ್ಯಾನ್ಸರಿನ ಮೂಲ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್. ಸುಮಾರು ಶೇ 70ರಷ್ಟು ಪ್ರಕರಣಗಳ ಹಿಂದೆ ಅದರ 16 ಮತ್ತು 18ನೇ ತಳಿಗಳಿವೆ. ಬಹುತೇಕ ಸೋಂಕು ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಹೋಗದೆ ಉಳಿದದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ಎಚ್‌ಐವಿಗೆ ಚಿಕಿತ್ಸೆ ಪಡೆಯದವರಲ್ಲಿ 5-10 ವರ್ಷ ಸಾಕು.

ಎಷ್ಟು ಹೆರಿಗೆ, ಮೊದಲನೆಯದು ಯಾವ ವಯಸ್ಸಿಗೆ ಎಂದು ನಾವು ವೈದ್ಯರು ಕೇಳುವುದು ಸುಮ್ಮನೆ ಅಲ್ಲ. ಹದಿಹರೆಯದಲ್ಲಿ ಮತ್ತು ಬಸಿರಿನಲ್ಲಿ ಗರ್ಭಕೊರಳಿನ ಒಳಪದರದ ಮೃದು ಕೋಶಗಳು ಹೊರಮುಖಕ್ಕೆ ಬಂದು, ನಿಧಾನವಾಗಿ ಚಪ್ಪಟೆ ಕೋಶಗಳಾಗಿ ಬದಲಾಗುತ್ತವೆ. ಹೀಗೆ ಬದಲಾಗುತ್ತಿರುವ ಜಾಗವೇ ವೈರಸ್ಸಿಗೆ ಸಲೀಸು. ಚಿಕ್ಕ ವಯಸ್ಸಿನ ಬಾಣಂತನ, ಮೇಲಿಂದ ಮೇಲೆ ಹೆರಿಗೆ, ಐದು ವರ್ಷಕ್ಕೂ ಮೀರಿದ ಗರ್ಭನಿರೋಧಕ ಮಾತ್ರೆ, ಧೂಮಪಾನ ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ವೈರಸ್ ಇಲ್ಲದೆ ಇವಷ್ಟರಿಂದಲೇ ರೋಗ ಬರುವುದಿಲ್ಲ. ಜೀವಮಾನವಿಡೀ ಗಂಡನೊಬ್ಬನೊಂದಿಗೇ ಬಾಳಿದವಳಿಗೂ ಅವನಿಂದಲೇ ಸೋಂಕು ತಗಲಬಹುದು. ಕಾಯಿಲೆ ಬಂದವಳ ನಡತೆ ಅಳೆಯುವುದು ಅನ್ಯಾಯ. ಆ ಅಂಜಿಕೆಗೇ ಎಷ್ಟೋ ಮಂದಿ ಪರೀಕ್ಷೆಗೆ ಬರುವುದಿಲ್ಲ.

ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65ರ ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ವಿಐಎ, ಅಂದರೆ ಆಮ್ಲ ಹಚ್ಚಿ ಕಣ್ಣಿನಿಂದಲೇ ನೋಡುವ ಪರೀಕ್ಷೆಯಿದೆ. ಮುಟ್ಟಿನ ದಿನಗಳಲ್ಲಿ ಬೇಡ. ಗರ್ಭಕೊರಳಿಗೆ ಶೇ 3-5ರ ಅಸಿಟಿಕ್ ಆಮ್ಲ ಹಚ್ಚಿ, ಪೂರ್ತಿ ಒಂದು ನಿಮಿಷ ಕಾದು, ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಕೋಶಗಳು ಕೆಟ್ಟಿರುವಲ್ಲಿ ಬಿಳಿ ಕಲೆ ಮೂಡುತ್ತದೆ, ಅವಸರ ಮಾಡಿದರೆ ಅದು ತಪ್ಪಿಹೋಗುತ್ತದೆ. ಉರಿಯೂತವಿದ್ದರೆ ಇಲ್ಲದ್ದೂ ಕಂಡಂತಾಗುತ್ತದೆ. ಮುಟ್ಟು ನಿಂತವರಲ್ಲಿ ಆ ಬದಲಾಗುವ ಜಾಗ ಒಳಗೆ ಸರಿದಿರುವುದರಿಂದ ವಿಐಎ ನೆಚ್ಚುವಂತಿಲ್ಲ, ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆಯೇ ವಾಸಿ.

ಕಲೆ ಕಂಡಿತೆಂದರೆ ಕ್ಯಾನ್ಸರ್ ಎಂದಲ್ಲ. ಪೂರ್ವಹಂತದ ಸಣ್ಣ ಕಲೆಯನ್ನು ಶಾಖ ಕೊಟ್ಟು ಸುಡಬಹುದು, ಕೆಲವೇ ನಿಮಿಷದ ಕೆಲಸ. ನಮ್ಮ ಜಿಲ್ಲೆಯಲ್ಲಿ ದಾರಿ ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ: ಹೆಚ್ಚಿನ ತಪಾಸಣೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಚೀಟಿ ಕೊಟ್ಟರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೊಬ್ಬರು ಬೇಕು. ಚೀಟಿಯ ಜೊತೆಗೇ ದಿನಾಂಕ ಗೊತ್ತುಮಾಡಿಕೊಳ್ಳಿ, ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿ. ಸಂಭೋಗದ ನಂತರ ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಅದು ಒಂದೇ ಹನಿಯಾದರೂ, ಶಿಬಿರಕ್ಕೆ ಕಾಯದೆ ಅದೇ ವಾರ ಆಸ್ಪತ್ರೆಗೆ ಬನ್ನಿ.