ವಯೊಲೆಟ್ ಎಲೆಗೆ ನೀರು ತಾಗಲೇಬಾರದೇ?

ಪ್ರಶ್ನೆ: ಕಿಟಕಿಯ ಬಳಿ ಇಟ್ಟ ಆಫ್ರಿಕನ್ ವಯೊಲೆಟ್ ಎಲೆಗಳಲ್ಲಿ ಬಿಳಿಚಿದ ಕಲೆಗಳಾಗಿವೆ. ನೀರು ಹಾಕುವಾಗ ಎಲೆ ನೆನೆದದ್ದೇ ತಪ್ಪಂತೆ. ನಿಜವೇ?

ಉತ್ತರ: ಅಲ್ಲ. ಇದನ್ನು ಎಷ್ಟು ಸಲ ಬರೆದರೂ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಬಿಡಿಸಿಯೇ ಹೇಳಿಬಿಡುತ್ತೇನೆ.

ಈ ಗಿಡದ ತವರು ಟಾಂಜಾನಿಯಾ ಮತ್ತು ಕೀನ್ಯಾ. ಉಸಂಬರಾ ಬೆಟ್ಟಗಳ ಕಾಡಿನ ನೆರಳಲ್ಲಿ, ಪಾಚಿಗಟ್ಟಿದ ಬಂಡೆಗಳ ಸಂದಿಯಲ್ಲಿ ಬೆಳೆಯುವಂಥದ್ದು. ಅಲ್ಲಿ ಮಳೆ ಬಂದರೆ ಅದಕ್ಕೆ ಕೊಡೆ ಹಿಡಿಯುವವರು ಯಾರು?

ಕಲೆ ಬೀಳಿಸುವುದು ನೀರಿನ ತಂಪು. ಬೆಚ್ಚಗಿರುವ ಎಲೆಯ ಮೇಲೆ ತಣ್ಣೀರು ಬಿದ್ದು ಅದರ ಉಷ್ಣತೆ ಥಟ್ಟನೆ ಇಳಿದರೆ, ಮೇಲ್ಸಿಪ್ಪೆಯ ಕೆಳಗಿರುವ ಹಸಿರು ಜೀವಕೋಶಗಳು ಹಾಳಾಗುತ್ತವೆ. ಹನಿ ಕೂತಲ್ಲಿ, ಹರಿದಲ್ಲಿ ಉಂಗುರವೋ ಗೆರೆಯೋ ಮೂಡುತ್ತದೆ. ಕಿಟಕಿಯ ಗಾಜಿನ ಹಿಂದೆ ಕಾದ ಎಲೆಗೆ ನಲ್ಲಿಯ ತಣ್ಣೀರು ಸುರಿದರೆ ಆಗುವುದು ಇದೇ. ನಂಬಿಕೆ ಬರದಿದ್ದರೆ, ರಾತ್ರಿಯಿಡೀ ಗಿಡದ ಪಕ್ಕದಲ್ಲೇ ಇಟ್ಟಿದ್ದ ನೀರನ್ನು ಒಂದು ಹಳೆಯ ಎಲೆಯ ಮೇಲೆ ಹಾಕಿ, ಬಿಸಿಲು ತಾಗದ ಕಡೆ ಇಟ್ಟು ನೋಡಿ. ಏನೂ ಆಗುವುದಿಲ್ಲ.

ಹಾಗೆಂದು ಗಿಡದ ನಡುಸುಳಿಯಲ್ಲಿ ನೀರು ನಿಲ್ಲಲು ಬಿಡಬೇಡಿ, ಕೊಳೆಯುತ್ತದೆ. ಈ ಮೂಢನಂಬಿಕೆಯಲ್ಲಿರುವ ನಿಜ ಅಷ್ಟೇ. ಎಲೆಯ ರೋಮಗಳಲ್ಲಿ ಧೂಳು ಕೂತಾಗ ಕುಂಡವನ್ನು ಓರೆ ಮಾಡಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ಸುಳಿಯ ನೀರನ್ನು ಕಾಗದದಿಂದ ಹೀರಿಸಿ, ಒಣಗುವವರೆಗೆ ನೆರಳಲ್ಲಿಡಿ. ಬಿದ್ದ ಕಲೆ ಮಾಯುವುದಿಲ್ಲ, ಹೊಸ ಎಲೆ ಶುಭ್ರವಾಗಿಯೇ ಬರುತ್ತದೆ. ಅದಕ್ಕೆ ಔಷಧಿ ಸಿಂಪಡಿಸಿ ದುಡ್ಡು ಕಳೆಯಬೇಡಿ.

ಎಲೆ ನೆನೆದೀತೆಂದು ಹೆದರಿ ವರ್ಷವಿಡೀ ತಟ್ಟೆಯಿಂದ ಮಾತ್ರ ನೀರು ಕುಡಿಸುವವರೂ ಇದ್ದಾರೆ. ಕುಡಿಸಲಿ, ಅಡ್ಡಿಯಿಲ್ಲ. ಆದರೆ ಗೊಬ್ಬರದ ಉಪ್ಪು ಮೇಲ್ಮಣ್ಣಿಗೂ ಕುಂಡದ ಅಂಚಿಗೂ ಬಂದು ಗಟ್ಟಿಯಾಗುತ್ತದೆ, ಅಂಚಿಗೆ ಒರಗಿದ ಎಲೆಯ ತೊಟ್ಟು ಅಲ್ಲೇ ಕರಗಿಹೋಗುತ್ತದೆ. ತಿಂಗಳಿಗೊಮ್ಮೆಯಾದರೂ ಮೇಲಿನಿಂದ, ತಳದ ತೂತಿನಲ್ಲಿ ಇಳಿದುಹೋಗುವಷ್ಟು ನೀರು ಹಾಕಿ, ತಟ್ಟೆ ಬರಿದು ಮಾಡಿ. ಹೂ ಬಿಡದಿದ್ದರೆ ಮೊದಲು ಬೆಳಕು ಸಾಲುತ್ತಿದೆಯೇ ನೋಡಿ. ಎಲೆಹರವಿನ ಮೂರನೇ ಒಂದು ಭಾಗದಷ್ಟು ಅಗಲದ ಕುಂಡ ಸಾಕು.

ಎಲೆಯ ಮಾತು ಬಂದದ್ದಕ್ಕೆ ಇನ್ನೊಂದು. ತೊಟ್ಟುಸಹಿತ ಎಲೆಯೊಂದನ್ನು ಹದವಾದ ಮಣ್ಣಿಗೆ ಊರಿದರೆ ಬೇರು ಬಂದು, ಕೆಲವು ತಿಂಗಳಲ್ಲಿ ಬುಡದಲ್ಲಿ ಮರಿಗಳೇಳುತ್ತವೆ, ಸಾಮಾನ್ಯವಾಗಿ ತಾಯಿಯ ಬಣ್ಣವನ್ನೇ ಹೊತ್ತು. ಆದರೆ ಗಿರಗಟ್ಟೆಯಂತೆ ಪಟ್ಟೆಪಟ್ಟೆಯಾಗಿ ಅರಳುವ ಕೈಮೆರಾ ತಳಿಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಅವುಗಳ ದೇಹದಲ್ಲಿ ಎರಡು ಬಗೆಯ ಅಂಗಾಂಶಗಳು ಪದರಪದರವಾಗಿರುತ್ತವೆ. ಎಲೆಯಿಂದ ಮರಿಯೇಳುವಾಗ ಆ ಜೋಡಣೆ ಉಳಿಯದೆ, ಹೂವು ಬಹುಪಾಲು ಒಂದೇ ಬಣ್ಣದ್ದಾಗುತ್ತದೆ. ಪಟ್ಟೆ ಉಳಿಯಬೇಕಾದರೆ ಬುಡದಲ್ಲಿ ಪಕ್ಕಮೊಳಕೆ ಒಡೆಯುವವರೆಗೆ ಕಾದು, ಅದು ನಾಲ್ಕಾರು ಎಲೆ ಬಿಟ್ಟ ಮೇಲೆ ಬೇರ್ಪಡಿಸಿ ನೆಡಿ.