ಬೇಕಾದ ಸದ್ದು ಹಾಕಿಕೊಳ್ಳುವ ಆಯ್ಕೆ ಎಲ್ಲಿ ಹೋಯಿತು?

ಲಿನಕ್ಸ್ ಕಂಪ್ಯೂಟರಿನ ಪರದೆ, ಮೆನು, ಸೆಟ್ಟಿಂಗ್ ನೋಡಿಕೊಳ್ಳುವ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಸೌಂಡ್ ಸೆಟ್ಟಿಂಗ್ ತೆರೆದರೆ ಎಚ್ಚರಿಕೆಯ ಸದ್ದಿಗೆ ಬೆರಳೆಣಿಕೆಯ ಆಯ್ಕೆಗಳಷ್ಟೇ ಕಾಣುತ್ತವೆ. ಲಿನಕ್ಸ್ ಮಿಂಟ್‌ನ ಡೆಸ್ಕ್‌ಟಾಪ್ ಆದ ಸಿನಮನ್‌ನಲ್ಲಿ ಹಾಗಲ್ಲ. ಲಾಗಿನ್ ಆದಾಗ ಒಂದು ಸದ್ದು, ವಿಂಡೋ ಮುಚ್ಚಿದಾಗ ಇನ್ನೊಂದು, ಪೆನ್‌ಡ್ರೈವ್ ಹಾಕಿದಾಗ ಮತ್ತೊಂದು. ಯಕ್ಷಗಾನದ ಚೆಂಡೆ ಸದ್ದೇ ಬೇಕಾ? ಆ ಫೈಲನ್ನು ತೋರಿಸಿದರೆ ಆಯಿತು. ಎರಡಕ್ಕೂ ಕೆಳಗೆ ಇರುವ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ. ಹಾಗಿದ್ದರೂ ಇಷ್ಟು ವ್ಯತ್ಯಾಸ ಯಾಕೆ?

ಲಿನಕ್ಸ್‌ನಲ್ಲಿ ಶುರುವಿಗೆ ಸದ್ದು ಬಂದರೇ ದೊಡ್ಡ ಮಾತಾಗಿತ್ತು. 1992ರಲ್ಲಿ ಫಿನ್ಲೆಂಡಿನ ಹನ್ನು ಸಾವೊಲೈನೆನ್ ಸೌಂಡ್ ಬ್ಲಾಸ್ಟರ್ ಎಂಬ ಸೌಂಡ್ ಕಾರ್ಡಿಗೆ ಡ್ರೈವರ್, ಅಂದರೆ ಅದನ್ನು ನಡೆಸುವ ಪ್ರೋಗ್ರಾಂ, ಬರೆದರು. ಅದೇ ಬೆಳೆದು ಓಎಸ್‌ಎಸ್ (ಓಪನ್ ಸೌಂಡ್ ಸಿಸ್ಟಮ್) ಆಯಿತು. ತೊಂದರೆ ಏನಂದ್ರೆ, ಸಾಮಾನ್ಯ ಕಾರ್ಡುಗಳಲ್ಲಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಸದ್ದು ಮಾಡಬಹುದಿತ್ತು. ಹಾಡು ಓಡುತ್ತಿದ್ದರೆ ಮೇಲ್ ಬಂದ ಸದ್ದು ಕೇಳುತ್ತಿರಲಿಲ್ಲ. ಅದಕ್ಕೆ ಗ್ನೋಮ್‌ನವರು ಇಎಸ್‌ಡಿ, ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇಯವರು ಆರ್ಟ್ಸ್ ಎಂಬ, ಎಲ್ಲ ಸದ್ದನ್ನೂ ಬೆರೆಸಿ ಕಾರ್ಡಿಗೆ ಕೊಡುವ ಮಧ್ಯವರ್ತಿಗಳನ್ನು ಇಟ್ಟುಕೊಂಡರು. ಈಗ ಕಾರ್ಡಿಗಾಗಿ ಈ ಮಧ್ಯವರ್ತಿಗಳೇ ಕಿತ್ತಾಡತೊಡಗಿದವು!

1998ರಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಶುರು ಮಾಡಿದ ಆಲ್ಸಾ ಎಂಬ ಹೊಸ ಡ್ರೈವರ್ ವ್ಯವಸ್ಥೆ, 2003ರ ಕೊನೆಗೆ ಬಂದ 2.6 ಕರ್ನೆಲ್ಲಿನಲ್ಲಿ (ಲಿನಕ್ಸ್‌ನ ತಿರುಳು) ಓಎಸ್‌ಎಸ್ ಜಾಗ ಹಿಡಿಯಿತು. ಅದರ ವಾಲ್ಯೂಮ್ ಪ್ರೋಗ್ರಾಂ ಆಲ್ಸಾಮಿಕ್ಸರ್, ಕಾರ್ಡಿನಲ್ಲಿದ್ದ ಪ್ರತಿಯೊಂದು ಗುಂಡಿಯನ್ನೂ ಸಾಲಾಗಿ ನಿಲ್ಲಿಸಿ ತೋರಿಸುತ್ತಿತ್ತು. ಹೊಸದಾಗಿ ಹಾಕಿದಾಗ ಎಲ್ಲವೂ ಮ್ಯೂಟ್ ಆಗಿರುತ್ತಿದ್ದದ್ದೂ ಉಂಟು. ಯಾವುದನ್ನು ಎತ್ತಬೇಕು ಅಂತ ಗೊತ್ತಿಲ್ಲದವರು ಡ್ರೈವರೇ ಕೆಟ್ಟಿದೆ ಅಂದುಕೊಂಡು ಸುಮ್ಮನಾಗುತ್ತಿದ್ದರು.

ಇದೇ ಹೊತ್ತಿಗೆ ಇನ್ನೊಂದು ವಾದ ಎದ್ದಿತ್ತು. ಪ್ರತಿ ಸೆಟ್ಟಿಂಗಿಗೂ ಒಂದು ಬೆಲೆ ಇದೆ, ಜಾಸ್ತಿ ಆದಷ್ಟೂ ಬಳಸುವವರಿಗೂ ಬರೆಯುವವರಿಗೂ ಕಷ್ಟ ಎಂದು ಗ್ನೋಮ್‌ನ ಹ್ಯಾವೊಕ್ ಪೆನ್ನಿಂಗ್ಟನ್ 2002ರಲ್ಲಿ ಬರೆದರು. ಅದೇ ವರ್ಷ ಬಂದ ಗ್ನೋಮ್ 2 ಈ ದಾರಿ ಹಿಡಿಯಿತು. 2005ರ ಡಿಸೆಂಬರಿನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಇದಕ್ಕೆ ರೇಗಿ, ಕೆಡಿಇ ಬಳಸಿ ಎಂದು ಜನರಿಗೆ ನೇರವಾಗಿ ಹೇಳಿಬಿಟ್ಟರು. ಪೆನ್ನಿಂಗ್ಟನ್ ಮಾತಿನಲ್ಲಿ ಹುರುಳಿದೆ, ಆಲ್ಸಾಮಿಕ್ಸರ್ ನೋಡಿದವರಿಗೆ ಅದು ಗೊತ್ತು. ಆದರೆ ಅರ್ಥವಾಗದ ಗುಂಡಿಯನ್ನು ಮುಚ್ಚುವುದು ಬೇರೆ, ಇಷ್ಟದ ಸದ್ದನ್ನು ಕಿತ್ತುಕೊಳ್ಳುವುದು ಬೇರೆ ಅಲ್ವಾ?

ಮಧ್ಯವರ್ತಿಗಳ ಜಗಳ ನಿಲ್ಲಿಸಲು ಬಂದದ್ದು ಜರ್ಮನಿಯ ಲೆನ್ನಾರ್ಟ್ ಪೊಯೆಟರಿಂಗ್ ಅವರ ಪಲ್ಸ್‌ಆಡಿಯೊ. 2007ರ ನವೆಂಬರಿನ ಫೆಡೋರಾ 8, ಮರುವರ್ಷ ಏಪ್ರಿಲ್‌ನ ಉಬುಂಟು 8.04 ಎಂಬ ಲಿನಕ್ಸ್ ಆವೃತ್ತಿಗಳು ಅದನ್ನು ಒಳಗೆ ಬಿಟ್ಟುಕೊಂಡವು. ಒಂದೊಂದು ಪ್ರೋಗ್ರಾಮಿಗೂ ಬೇರೆ ವಾಲ್ಯೂಮ್ ಸಿಕ್ಕಿತು. ಜೊತೆಗೆ ಗೊರಗೊರ, ತುಂಡು ತುಂಡು ಸದ್ದೂ ಬಂತು. ಕಾರ್ಡಿನ ಸೂಚನೆಗೆ ಕಾಯದೆ ಟೈಮರ್ ನಂಬುವ, ಆಮೇಲೆ ಸೇರಿದ ಅದರ ಹೊಸ ವಿಧಾನ, ಡ್ರೈವರುಗಳಲ್ಲಿ ಅಡಗಿದ್ದ ದೋಷಗಳನ್ನೆಲ್ಲ ಹೊರಗೆಳೆದಿತ್ತು. ಬೈಗುಳ ಮಾತ್ರ ಪೂರ್ತಿ ಪಲ್ಸ್‌ಆಡಿಯೊ ಪಾಲಿಗೆ.

ಸಣ್ಣ ಸದ್ದುಗಳ ವಿಷಯದಲ್ಲೂ ಆಗಲೇ ಒಂದು ಬದಲಾವಣೆ ಆಯಿತು. ಇಂಥ ಘಟನೆಗೆ ಇಂಥ ಹೆಸರಿನ ಫೈಲ್, ಅವೆಲ್ಲ ಸೇರಿ ಒಂದು ಥೀಮ್ ಎಂಬ ಒಪ್ಪಂದ ಬಂತು. ಅದನ್ನು ನುಡಿಸಲು ಪೊಯೆಟರಿಂಗ್ ಅವರೇ ಲಿಬ್‌ಕ್ಯಾನ್‌ಬೆರಾ ಎಂಬ ಲೈಬ್ರರಿ ಬರೆದರು. ವ್ಯವಸ್ಥೆ ಹಿಂದಿಗಿಂತ ಅಚ್ಚುಕಟ್ಟು. ಆದರೆ ಘಟನೆಗೊಂದು ಸದ್ದು ಆರಿಸುವ ಪಟ್ಟಿ 2011ರ ಗ್ನೋಮ್ 3 ಹೊತ್ತಿಗೆ ಪರದೆಯಿಂದ ಮಾಯವಾಗಿ, ಬೊಗಳುವುದು, ನೀರಿನ ಹನಿ, ಗಾಜು, ಸೋನಾರ್ ಎಂಬ ನಾಲ್ಕು ಸದ್ದು ಉಳಿದವು. ಕೆಡಿಇ ತನ್ನ ಪಟ್ಟಿಯನ್ನು ಬಿಡಲಿಲ್ಲ. ಗ್ನೋಮ್ 3ರಿಂದಲೇ ಕವಲೊಡೆದ ಸಿನಮನ್ ತನ್ನದೇ ಪಟ್ಟಿ ಕಟ್ಟಿಕೊಂಡಿತು.

ಆಮೇಲೆ ಕೆಳಗಿನ ಪೈಪುಗಳು ಇನ್ನೊಮ್ಮೆ ಬದಲಾದವು. ರೆಡ್ ಹ್ಯಾಟ್ ಕಂಪನಿಯ ವಿಮ್ ಟೈಮನ್ಸ್ ಮೊದಲು ವಿಡಿಯೊಗೆಂದು ಶುರು ಮಾಡಿದ ಪೈಪ್‌ವೈರ್, 2021ರ ಫೆಡೋರಾ 34ರಲ್ಲೂ 2022ರ ಉಬುಂಟು 22.10ರಲ್ಲೂ ಪಲ್ಸ್‌ಆಡಿಯೊ ಜಾಗಕ್ಕೆ ಬಂತು. ಈ ಸಲ ಗಲಾಟೆ ಕಡಿಮೆ. ಅದು ಪಲ್ಸ್‌ಆಡಿಯೊ ಭಾಷೆಯನ್ನೇ ಆಡುತ್ತದೆ, ಹಾಗಾಗಿ ಹಳೆಯ ವಾಲ್ಯೂಮ್ ಕಂಟ್ರೋಲ್ ಇಂದಿಗೂ ನಡೆಯುತ್ತದೆ.

ಗ್ನೋಮ್‌ನಲ್ಲೂ ಥೀಮಿನ ಯಂತ್ರ ಒಳಗೆ ಜೀವಂತವಾಗಿದೆ. ಹೋಮ್ ಫೋಲ್ಡರಿನಲ್ಲಿ ಅಡಗಿರುವ ಲೋಕಲ್ (.local), ಅದರೊಳಗೆ ಶೇರ್, ಅಲ್ಲಿ ಸೌಂಡ್ಸ್ ಎಂಬ ಫೋಲ್ಡರ್ ಮಾಡಿ, ಒಪ್ಪಂದದ ಹೆಸರಿಟ್ಟ ನಿಮ್ಮ ಓಗ್ ರೂಪದ ಸದ್ದಿನ ಫೈಲುಗಳಿಗೆ ಒಂದು ಥೀಮ್ ಕಟ್ಟಬಹುದು. ಥೀಮಿನ ಹೆಸರನ್ನು, ಒಳಗಿನ ಸೆಟ್ಟಿಂಗ್ ತಿದ್ದುವ ಡಿಕಾನ್ಫ್ ಎಡಿಟರಿನಲ್ಲಿ ಬರೆಯಬೇಕು. ಸೆಟ್ಟಿಂಗ್ಸ್ ಪುಟದಲ್ಲಿ ಅದಕ್ಕೆ ಜಾಗ ಕೊಟ್ಟಿಲ್ಲ.