ಮೂಗಿನ ಹೊಲಿಗೆಗೆ ಅಫೀಮಿನ ಮಾತ್ರೆ ಯಾಕೆ?

ಅಮೆರಿಕದಲ್ಲಿ ವಯಸ್ಸಾದ ಬಿಳಿಯರ ಮೂಗು, ಕಿವಿ, ಹಣೆಯ ಮೇಲೆ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುವುದು ತೀರಾ ಮಾಮೂಲು. ಅದನ್ನು ತೆಗೆಯಲು ಚರ್ಮವೈದ್ಯರು ಮಾಡುವುದು ಮೋಸ್ ಸರ್ಜರಿ. ವಿಸ್ಕಾನ್ಸಿನ್‌ನ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ಕಂಡುಕೊಂಡ ವಿಧಾನ ಇದು. ತೆಳುವಾಗಿ ಒಂದು ಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಅಷ್ಟೇ ಜಾಗದಲ್ಲಿ ಇನ್ನೊಂದು ಪದರ. ಅಲ್ಲಿಯವರೆಗೆ ರೋಗಿ ಬ್ಯಾಂಡೇಜ್ ಹಾಕಿಕೊಂಡು ಪೇಪರ್ ಓದುತ್ತಾ ಕೂತಿರಬಹುದು. ಪ್ರಜ್ಞೆ ತಪ್ಪಿಸುವ ಮಾತೇ ಇಲ್ಲ, ಆ ಜಾಗವನ್ನಷ್ಟೇ ಮರಗಟ್ಟಿಸುವ ಲಿಡೋಕೇನ್ ಇಂಜೆಕ್ಷನ್ ಸಾಕು.

ನರದೊಳಗೆ ಸೋಡಿಯಂ ನುಗ್ಗುವ ಬಾಗಿಲನ್ನು ಲಿಡೋಕೇನ್ ಮುಚ್ಚಿಬಿಡುತ್ತದೆ. ನೋವಿನ ಸುದ್ದಿ ಅಲ್ಲಿಂದ ಮುಂದೆ ಹೋಗುವುದೇ ಇಲ್ಲ. ಜೊತೆಗೆ ಸ್ವಲ್ಪ ಅಡ್ರಿನಾಲಿನ್ ಬೆರೆಸಿದರೆ ರಕ್ತನಾಳ ಕುಗ್ಗಿ, ಮರಗಟ್ಟುವಿಕೆ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಅಂದಹಾಗೆ, ಆ ಇಂಜೆಕ್ಷನ್ ಚುರ್ ಅನ್ನುವುದಕ್ಕೆ ಸೂಜಿಗಿಂತ ಔಷಧಿಯ ಹುಳಿಗುಣವೇ ಜಾಸ್ತಿ ಕಾರಣ. ಸ್ವಲ್ಪ ಬೈಕಾರ್ಬೊನೇಟ್ ಸೇರಿಸಿದರೆ ಉರಿ ಎಷ್ಟೋ ಕಡಿಮೆಯಾಗುತ್ತದೆ.

ಮರಗಟ್ಟಿದ್ದು ಬಿಟ್ಟ ಮೇಲೆ ನೋವು ಶುರು. ಮೊದಲ ದಿನ ಜೋರು, ಆಮೇಲೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಇಷ್ಟಕ್ಕೆ ಅಲ್ಲಿನ ವೈದ್ಯರು ಬರೆದುಕೊಡುತ್ತಿದ್ದ ಓಪಿಯಾಯ್ಡ್ ಬೇಕಾ? ಅಂದರೆ ಅಫೀಮಿನ ಕುಟುಂಬದ ಕೊಡೀನ್, ಹೈಡ್ರೊಕೊಡೋನ್‌ನಂಥವು?

ಇದನ್ನೇ ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಬಂತು. ಮೋಸ್ ಸರ್ಜರಿ ಆದ 210 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಬರೀ ಪ್ಯಾರಾಸಿಟಮಾಲ್, ಇನ್ನೊಂದಕ್ಕೆ ಪ್ಯಾರಾಸಿಟಮಾಲ್ ಜೊತೆ ಕೊಡೀನ್, ಮತ್ತೊಂದಕ್ಕೆ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೇನ್. ನೋವು ಚೆನ್ನಾಗಿ ಹಿಡಿತಕ್ಕೆ ಬಂದದ್ದು ಐಬುಪ್ರೊಫೇನ್ ಗುಂಪಿನಲ್ಲಿ. ತೊಂದರೆ ಜಾಸ್ತಿ ಆದದ್ದು ಕೊಡೀನ್ ತಗೊಂಡವರಿಗೆ!

ಯೋಚಿಸಿದರೆ ಆಶ್ಚರ್ಯವೇನಿಲ್ಲ. ಗಾಯವಾದ ಕಡೆ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟಿ ನರದ ತುದಿಗಳನ್ನು ಕೆರಳಿಸುತ್ತದೆ. ಐಬುಪ್ರೊಫೇನ್ ಅದು ಹುಟ್ಟುವುದನ್ನೇ ತಡೆಯುತ್ತದೆ. ಓಪಿಯಾಯ್ಡ್ ಗಾಯದ ಊತವನ್ನು ಇಳಿಸುವುದಿಲ್ಲ, ಮುಖ್ಯವಾಗಿ ಮಿದುಳು, ಬೆನ್ನುಹುರಿಯಲ್ಲಿ ಕೂತು ನೋವಿನ ಅರಿವನ್ನು ಮಂಕು ಮಾಡುತ್ತದೆ. ಕೊಡೀನ್‌ದು ಇನ್ನೊಂದು ತಕರಾರು. ಲಿವರ್‌ನ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಮಾರ್ಫಿನ್ ಮಾಡಿದರೆ ಮಾತ್ರ ಕೆಲಸ. ಆ ಕಿಣ್ವ ಮಂದವಿದ್ದವರಿಗೆ ಹೆಚ್ಚೇನೂ ಉಪಯೋಗವಿಲ್ಲ, ತೀರಾ ಚುರುಕಿದ್ದವರಿಗೆ ಅಪಾಯ. ಯಾರು ಎಂಥವರು ಅಂತ ಮುಖ ನೋಡಿ ಹೇಳೋಕಾಗಲ್ಲ, ಅಲ್ವಾ? ಹಾಗಂತ ಐಬುಪ್ರೊಫೇನ್ ಎಲ್ಲರಿಗೂ ಅಲ್ಲ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇದ್ದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಹಾಗಾದರೆ ಓಪಿಯಾಯ್ಡ್ ಬರೆಯುತ್ತಿದ್ದದ್ದು ಯಾಕೆ? ನನ್ನ ಪ್ರಕಾರ ನೋವಿಗಿಂತ ಭಯಕ್ಕೆ. ರಾತ್ರಿ ನೋವು ಅಂತ ಫೋನ್ ಬಂದರೆ ಅನ್ನೋ ಭಯ. ಯೂಟಾದಲ್ಲಿ ಚರ್ಮದ ಸರ್ಜರಿ ಆದ 212 ಜನರನ್ನು ವಿಚಾರಿಸಿದಾಗ ಸುಮಾರು ಮೂರನೇ ಒಂದು ಭಾಗ ಜನರಿಗೆ ಓಪಿಯಾಯ್ಡ್ ಬರೆದುಕೊಟ್ಟಿದ್ದರು. ಅವರಲ್ಲೂ ಮೂರನೇ ಒಂದು ಭಾಗ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ. ನುಂಗಿದವರ ಪೈಕಿ ಬಹುತೇಕರ ಹತ್ತಿರ ಮಾತ್ರೆ ಮಿಕ್ಕಿತ್ತು. ಅಮೆರಿಕದ ಓಪಿಯಾಯ್ಡ್ ಚಟದ ಪಿಡುಗಿನಲ್ಲಿ ಹೀಗೆ ಬಾತ್‌ರೂಮ್ ಕಪಾಟಿನಲ್ಲಿ ಉಳಿದ ಮಾತ್ರೆಗಳ ಪಾಲೂ ಇದೆ. ಅವನ್ನು ನುಂಗಿದವರು ಎಷ್ಟೋ ಸಲ ರೋಗಿಯಲ್ಲ, ಮನೆಯ ಇನ್ಯಾರೋ.

ಚರ್ಮವೈದ್ಯರಿಗೆ ಓಪಿಯಾಯ್ಡ್ ಯಾವತ್ತೂ ಬೇಡ ಅಂತಲ್ಲ. ಔಷಧಿ ಅಲರ್ಜಿಯಿಂದ ಮೈಯ ಚರ್ಮವೆಲ್ಲ ಸುಲಿದು ಬರುವ ಟೆನ್ ಎಂಬ ಕಾಯಿಲೆ ಇದೆ. ಅಂಥವರ ಡ್ರೆಸ್ಸಿಂಗ್ ಬದಲಿಸುವಾಗ ಪ್ಯಾರಾಸಿಟಮಾಲ್ ಯಾವ ಮೂಲೆಗೂ ಸಾಲದು, ಮಾರ್ಫಿನ್ ಬೇಕೇ ಬೇಕು. ನಮ್ಮಲ್ಲಿ ತೊಂದರೆ ಇರುವುದು ಅಲ್ಲೇ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಸರ್ಕಾರದ ಲೈಸೆನ್ಸ್ ಪಡೆದೇ ಅಫೀಮು ಬೆಳೆಯುತ್ತಾರೆ. ಆದರೆ 1985ರ ಮಾದಕ ವಸ್ತು ಕಾಯ್ದೆಯ ಕಾಗದಪತ್ರಕ್ಕೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿ ದಾರಿ ಸಲೀಸು ಮಾಡಿದರೂ, ಕೊಡುವ ಕೈ ಇನ್ನೂ ಹಿಂಜರಿಯುತ್ತಿದೆ.